ಎಕ್ಸಾಸ್ಟ್ ಫ್ಯಾನ್ ಇದ್ದರೂ ಬಚ್ಚಲುಮನೆಯ ಒಂದೇ ಗೋಡೆಗೆ ಬೂಷ್ಟು ಹಿಡಿಯುವುದೇಕೆ?

ಪ್ರಶ್ನೆ: ಕಡಲಕರೆ

ಸುರತ್ಕಲ್ಲಿನ ಫ್ಲ್ಯಾಟೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ಮಲಗುವ ಕೋಣೆಗೆ ಅಂಟಿಕೊಂಡಿರುವ ಬಚ್ಚಲುಮನೆ ಐದು ಅಡಿ ಅಗಲ, ಏಳು ಅಡಿ ಉದ್ದ. ಏಳು ಅಡಿ ಎತ್ತರದವರೆಗೆ ಟೈಲ್ಸ್ ಇದ್ದು, ಅದರ ಮೇಲಿನ ಎರಡು ಅಡಿಗೆ ಪುಟ್ಟಿ ಹಾಕಿ ಬಣ್ಣ ಬಳಿಯಲಾಗಿದೆ. ಈ ಬಣ್ಣದ ಪಟ್ಟಿಯಲ್ಲಿ, ಅದೂ ಮಲಗುವ ಕೋಣೆಯ ಕಡೆಯ ಗೋಡೆಯಲ್ಲಿ ಮಾತ್ರ, ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು ಎದ್ದು ನಿಧಾನವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಕಳೆದ ಡಿಸೆಂಬರಿನಲ್ಲಿ ಎಲ್ಲವನ್ನೂ ಕೆರೆದು ಬೂಷ್ಟು ನಿರೋಧಕ ಬಣ್ಣ ಬಳಿಸಿದೆ. ಮೇ ತಿಂಗಳು ಮುಗಿಯುವುದರೊಳಗೆ ಚುಕ್ಕೆಗಳು ಮತ್ತೆ ಬಂದವು. ಮಳೆಗಾಲದಲ್ಲಿ ಬಂದಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಒಂದು ಹನಿ ಮಳೆ ಬೀಳುವ ಮೊದಲೇ ಬಂದದ್ದು ಹೇಗೆಂಬುದು ನನಗೆ ಅರ್ಥವಾಗುತ್ತಿಲ್ಲ. ಕಿಂಡಿಯಲ್ಲಿ ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಇದೆ, ಸ್ನಾನವಾದ ಮೇಲೆ ಇಪ್ಪತ್ತು ನಿಮಿಷ ತಪ್ಪದೆ ಓಡಿಸುತ್ತೇನೆ. ಗೋಡೆಯೊಳಗಿನ ಪೈಪು ಸೋರುತ್ತಿರಬಹುದೆಂದು ಪ್ಲಂಬರ್ ಹೇಳುತ್ತಾರೆ. ಟೈಲ್ಸ್ ಒಡೆಸುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆನಿಸಿತು.

ಉತ್ತರ: ಮುರಕಲ್ಲು

ದಯವಿಟ್ಟು ಈಗಲೇ ಏನನ್ನೂ ಒಡೆಸಬೇಡಿ. ಮೂವತ್ತು ವರ್ಷ ಕಟ್ಟಡದ ಕೆಲಸ ನೋಡಿಕೊಂಡವನಾಗಿ ಒಂದು ಪ್ರಶ್ನೆ ಕೇಳುತ್ತೇನೆ: ಆ ಗೋಡೆಯ ಆಚೆ ಬದಿಯಲ್ಲಿ ಎಸಿ ಓಡುತ್ತದೆಯೇ?

ಓಡುತ್ತದೆ ಎಂದಾದರೆ ಮೇ ತಿಂಗಳ ಒಗಟು ಬಿಡಿಸಿದಂತೆಯೇ. ನಮ್ಮ ಕರಾವಳಿಯ ಬೇಸಿಗೆಯ ರಾತ್ರಿಯಲ್ಲಿ ಉಷ್ಣಾಂಶ 28 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ 80 ಎಂದಿಟ್ಟುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರಲ್ಲಿನ ನೀರಾವಿ ಹನಿಗಟ್ಟತೊಡಗುವ ಉಷ್ಣಾಂಶ, ಸುಮಾರು 24 ಡಿಗ್ರಿ. ಕೋಣೆಗಳ ನಡುವೆ ಇರುವುದು ಸಾಮಾನ್ಯವಾಗಿ ನಾಲ್ಕೂವರೆ ಇಂಚಿನ ಗೋಡೆ. ಆಚೆ ಬದಿಯನ್ನು 20 ಡಿಗ್ರಿಗೆ ಇಳಿಸಿದರೆ ಬಚ್ಚಲಿನ ಕಡೆಯ ಮೈ 25–26 ಡಿಗ್ರಿಗೆ ತಣಿಯುತ್ತದೆ, ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಇನ್ನೂ ಕಡಿಮೆಯಾಗುತ್ತದೆ. ಗೋಡೆಗೆ ತಾಗಿದ ಗಾಳಿಯ ಪದರದಲ್ಲಿ ಆಗ ಆರ್ದ್ರತೆ ಶೇ 90ನ್ನು ದಾಟಿರುತ್ತದೆ. ಬೂಷ್ಟು ಬೆಳೆಯಲು ನೀರಿನ ಹನಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಮೇಲ್ಮೈಯ ಆರ್ದ್ರತೆ ದಿನಗಟ್ಟಲೆ ಶೇ 80ರ ಮೇಲಿದ್ದರೆ ಅದಕ್ಕೆ ಸಾಕು. ಟೈಲ್ಸ್ ಮೇಲೆ ಅದಕ್ಕೆ ತಿನ್ನಲು ಹೆಚ್ಚೇನೂ ಸಿಗದು, ಬಣ್ಣದ ಮೇಲೆ ಸಿಗುತ್ತದೆ. ಆದ್ದರಿಂದ ಮೇಲಿನ ಪಟ್ಟಿಯಲ್ಲೇ ಕಾಣಿಸಿಕೊಂಡಿದೆ.

ಪ್ಲಂಬರ್ ಹೇಳಿದ್ದನ್ನೂ ತಳ್ಳಿಹಾಕುವುದು ಬೇಡ, ಪರೀಕ್ಷಿಸೋಣ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ಒಣಗಿದ ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ತೇವ ಕೂಡಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿಯಲ್ಲಿ ಮಾತ್ರ ತೇವವಿದ್ದರೆ ಅದು ಗಾಳಿಯಿಂದ ಬಂದದ್ದು.

ಇನ್ನು ಫ್ಯಾನಿನ ವಿಷಯ. ಆರಿಂಚಿನ ಫ್ಯಾನು ಗಂಟೆಗೆ ಸುಮಾರು 200 ಘನ ಮೀಟರ್ ಗಾಳಿಯನ್ನು ಹೊರಹಾಕಬಲ್ಲದು, ನಿಮ್ಮ ಒಂಬತ್ತು ಘನ ಮೀಟರಿನ ಕೋಣೆಗೆ ಅದು ಬೇಕಾದಷ್ಟಾಯಿತು. ಆದರೆ ಹೊರಗೆ ಹೋಗುವ ಗಾಳಿಗೆ ಬದಲಾಗಿ ಒಳಬರಲು ದಾರಿ ಎಲ್ಲಿದೆ? ಗ್ರಾನೈಟ್ ಹೊಸ್ತಿಲಿಗೆ ಬಾಗಿಲು ಬಿಗಿಯಾಗಿ ಕೂತಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಗಾಳಿ ಎಳೆಯುವುದಿಲ್ಲ. ಫ್ಯಾನಿನ ಪಕ್ಕದಲ್ಲೇ ಕಿಂಡಿಯ ಗಾಜಿನ ಪಟ್ಟಿಗಳು ತೆರೆದಿದ್ದರೆ, ಅಲ್ಲಿಂದ ಬಂದ ಗಾಳಿಯೇ ಇಲ್ಲಿಂದ ಹೊರಟುಹೋಗಿ ಬಚ್ಚಲಿನ ಮೂಲೆಗಳಲ್ಲಿ ಏನೂ ಕದಲುವುದಿಲ್ಲ. ಬಾಗಿಲಿನ ಅಡಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಸಂದು ಬಿಡಿಸಿ, ಫ್ಯಾನ್ ಓಡುವಾಗ ಪಟ್ಟಿಗಳನ್ನು ಮುಚ್ಚಿ.

ಉತ್ತರ: ಹಂಡೆಒಲೆ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಮಳೆಗಾಲದ ಬಗ್ಗೆ ಒಂದು ಲೆಕ್ಕ ಹೇಳದಿದ್ದರೆ ತಾವು ಜೂನ್ ತಿಂಗಳಲ್ಲಿ ಮತ್ತೆ ಫ್ಯಾನನ್ನೇ ನಂಬಿ ಕೂರುತ್ತೀರಿ.

ಸ್ನಾನದ ನಂತರ ಇಪ್ಪತ್ತು ನಿಮಿಷ ಫ್ಯಾನ್ ಓಡಿಸಿ ಎಂಬುದು ಚಳಿದೇಶಗಳಿಂದ ಬಂದ ಸಲಹೆ. ಅಲ್ಲಿ ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ತೀರಾ ಕಡಿಮೆ, ಒಳಗೆ ಬಂದು ಬೆಚ್ಚಗಾದೊಡನೆ ಅದು ತೇವವನ್ನು ಬಾಚಿಕೊಳ್ಳುತ್ತದೆ. ನಮ್ಮಲ್ಲಿ ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವುದುಂಟು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಸುಮಾರು 23 ಗ್ರಾಂ ನೀರಾವಿ. ಹೊರಗಿನ ಆರ್ದ್ರತೆ ಶೇ 90 ಇದ್ದರೆ, ಒಳಬರುವ ಗಾಳಿ ಈಗಾಗಲೇ 20 ಗ್ರಾಂ ದಾಟಿ ಹೊತ್ತುಕೊಂಡೇ ಬಂದಿರುತ್ತದೆ. ಹೆಚ್ಚೆಂದರೆ ಇನ್ನು ಎರಡು ಚಿಲ್ಲರೆ ಗ್ರಾಂ ಹೊರಬಹುದು. ಸ್ನಾನ ಮುಗಿದಾಗ ಗೋಡೆಗೂ ನೆಲಕ್ಕೂ ಅಂಟಿಕೊಂಡಿರುವ ನೀರು ಅರ್ಧ ಲೀಟರ್ ಎಂದರೂ, ಅದನ್ನು ಒಯ್ಯಲು 200 ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಫ್ಯಾನು ತನ್ನ ಪೂರ್ಣ ಶಕ್ತಿಯಿಂದ ಒಂದು ಗಂಟೆಗೂ ಹೆಚ್ಚು ಓಡಿ ಮಾಡಬೇಕಾದ ಆ ಕೆಲಸವನ್ನು ರಬ್ಬರ್ ವೈಪರ್ ಎರಡು ನಿಮಿಷದಲ್ಲಿ ಮುಗಿಸುತ್ತದೆ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ನೆಲದ ನೀರನ್ನು ಜಾಲರಿಗೆ ತಳ್ಳಿ, ಒದ್ದೆ ಟವೆಲ್ಲನ್ನು ಹೊರಗೆ ಒಯ್ದ ಮೇಲೆ ಫ್ಯಾನ್ ಹಾಕಿ.

ಹಳ್ಳಿಯ ನಮ್ಮ ಬಚ್ಚಲಿಗೆ ಫ್ಯಾನೂ ಇರಲಿಲ್ಲ, ಟೈಲ್ಸೂ ಇರಲಿಲ್ಲ. ಹಂಡೆಯ ಕೆಳಗೆ ದಿನವೂ ಉರಿಯುತ್ತಿದ್ದ ತೆಂಗಿನ ಮಡಲು ಗೋಡೆಯನ್ನು ಬೆಚ್ಚಗಿಡುತ್ತಿತ್ತು, ಹಂಚಿನ ಸಂದಿಯಲ್ಲಿ ಹಬೆ ಹೋಗುತ್ತಿತ್ತು. ಗೋಡೆ ಕಪ್ಪಾಗಿದ್ದದ್ದು ನಿಜ, ಆದರೆ ಅದು ಮಸಿ.

ಉತ್ತರ: ತಿಳಿನೀರು

ಸ್ವಚ್ಛಗೊಳಿಸುವ ಬಗ್ಗೆ ಎರಡು ಎಚ್ಚರಿಕೆ. ಬ್ಲೀಚ್ ದ್ರಾವಣವನ್ನು ಟಾಯ್ಲೆಟ್ ತೊಳೆಯುವ ಆಸಿಡ್ಡಿನೊಂದಿಗೆ ಎಂದಿಗೂ ಬೆರೆಸಬೇಡಿ, ಒಂದರ ಮೇಲೊಂದು ಹಾಕಲೂ ಬೇಡಿ; ಹೊಮ್ಮುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೆ ಅಪಾಯ. ಅಲ್ಲದೆ ಆಸಿಡ್ ಸಿಮೆಂಟ್ ಗ್ರೌಟನ್ನು ತಿಂದು ಒರಟಾಗಿಸುವುದರಿಂದ ಟೈಲ್ಸ್ ಸಂದುಗಳಲ್ಲಿ ಕೊಳೆಯೂ ತೇವವೂ ಇನ್ನಷ್ಟು ನಿಲ್ಲುತ್ತವೆ.

ಇದನ್ನು ಓದುವ ಯಾರ ಬಚ್ಚಲಿನಲ್ಲಾದರೂ ಗ್ಯಾಸ್ ಗೀಸರ್ ಇದ್ದರೆ, ಮೇಲೆ ಹೇಳಿದಂತೆ ಕಿಂಡಿ ಮುಚ್ಚುವ ಪ್ರಯೋಗವನ್ನು ಮಾಡಲೇಬೇಡಿ. ಗ್ಯಾಸ್ ಉರಿಯುವಾಗ ಹೊಮ್ಮಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಅಂಥ ಗೀಸರನ್ನು ಮೊದಲು ಹೊರಗಿನ ಗೋಡೆಗೆ ಸ್ಥಳಾಂತರಿಸಿ.

ಮರುಉತ್ತರ: ಕಡಲಕರೆ

ಎಲ್ಲರಿಗೂ ಕೃತಜ್ಞತೆಗಳು. ಎಸಿ ಹೌದು, ಎದುರು ಗೋಡೆಯಲ್ಲಿದ್ದು, 20 ಡಿಗ್ರಿಯ ತಂಪು ಗಾಳಿ ಬಂದು ಬಡಿಯುವುದು ಈ ಗೋಡೆಗೇ. ಬೆಳಗಿನ ಐದು ಗಂಟೆಗೆ ಸ್ಟೂಲು ಹತ್ತಿ ಬಣ್ಣದ ಪಟ್ಟಿಗೆ ಅಂಗೈ ಒತ್ತಿ ನೋಡಿದೆ. ಉಳಿದ ಮೂರು ಗೋಡೆಗಳು ಬೆಚ್ಚಗಿದ್ದರೆ ಇದೊಂದು ಮಣ್ಣಿನ ಹೂಜಿಯಂತೆ ತಣ್ಣಗಿತ್ತು. ಪ್ಲಾಸ್ಟಿಕ್ ಹಾಳೆಯ ಹಿಂಬದಿ ಪೂರ್ಣ ಒಣಗಿತ್ತು, ಮುಂಬದಿಯಲ್ಲಿ ಬೆರಳೆಳೆದರೆ ಗೆರೆ ಮೂಡುವಷ್ಟು ತೇವವಿತ್ತು. ಎಸಿಯನ್ನು 26ಕ್ಕೆ ಏರಿಸಿ ಅದರ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿದ್ದೇನೆ. ಬಾಗಿಲಿನ ಅಡಿಯನ್ನು ಕೊಯ್ಯಲು ಬಡಗಿ ಭಾನುವಾರ ಬರುತ್ತಾರೆ. ಬಣ್ಣ ಬಳಿಸುವುದನ್ನು ಈ ಡಿಸೆಂಬರಿಗೆ ಮುಂದೂಡಿದ್ದೇನೆ.