ಬುಷ್ ಬದಲಿಸಿದ ಮೇಲೆ ಪದ್ಮಿನಿ ಕಾರಿನಲ್ಲಿ ಹೊಸ ಸದ್ದು

ಪ್ರಶ್ನೆ, ಶಿರಸಿಯಿಂದ:
ತಂದೆಯವರು ಜೋಪಾನ ಮಾಡಿದ 1984ರ ಪ್ರೀಮಿಯರ್ ಪದ್ಮಿನಿಗೆ ಮುಂದಿನ ಚಕ್ರಗಳನ್ನು ಹಿಡಿದಿರುವ ತೋಳುಗಳ ಹಾಗೂ ಹಿಂದಿನ ಲೀಫ್ ಸ್ಪ್ರಿಂಗ್‌ಗಳ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ರಬ್ಬರ್ ಬುಷ್‌ಗಳನ್ನು (ಕೀಲುಗಳೊಳಗಿನ ರಬ್ಬರ್ ಉಂಗುರಗಳು) ಹೊಸದಾಗಿ ಹಾಕಿಸಿದ್ದೇನೆ. ಆ ಬಳಿಕ ದೇವಿಮನೆ ಘಟ್ಟದ ತಿರುವುಗಳಲ್ಲಿ ಮುಂಭಾಗದಿಂದ ‘ಕಿರ್’ ಎಂದೂ, ಚಕ್ರ ಗುಂಡಿಗೆ ಇಳಿದೊಡನೆ ಹಿಂಭಾಗದಿಂದ ‘ಟಕ್’ ಎಂದೂ ಕೇಳಿಸುತ್ತಿದೆ. ಮೊದಲು ಇವೆರಡೂ ಇರಲಿಲ್ಲ. ಎಲ್ಲಿಂದ ಪರೀಕ್ಷಿಸಬೇಕು?

ಉತ್ತರ, ಕುಮಟಾದಿಂದ:
ಮೊದಲು ಹಿಂಭಾಗವನ್ನು ನೋಡಿರಿ. ಆಕ್ಸಲನ್ನು (ಹಿಂದಿನ ಚಕ್ರಗಳ ಅಚ್ಚು) ಸ್ಪ್ರಿಂಗಿಗೆ ಬಿಗಿಹಿಡಿಯುವ ಯು-ಬೋಲ್ಟುಗಳು ಬಿಚ್ಚಿ ಕಟ್ಟಿದ ಮೇಲೆ ಸ್ವಲ್ಪ ಓಡಾಟದಲ್ಲೇ ಸಡಿಲಗೊಳ್ಳುವುದುಂಟು. ಅವನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಸ್ಪ್ರಿಂಗಿನ ಪಟ್ಟಿಗಳನ್ನು ನಡುವೆ ಜೋಡಿಸುವ ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಜಾರುವ ಅಪಾಯವಿರುವುದರಿಂದ, ಅದನ್ನು ಖಚಿತಪಡಿಸಿಕೊಳ್ಳುವ ತನಕ ದಯವಿಟ್ಟು ಘಟ್ಟ ಇಳಿಯಬೇಡಿ.

ಉತ್ತರ, ಕಾರವಾರದಿಂದ:
ಮುಂದಿನ ಸದ್ದಿಗೆ ಬಿಗಿ ಮಾಡಿದ ಕ್ರಮವೇ ಕಾರಣವಿರಬಹುದು. ಈ ಬುಷ್‌ಗಳು ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡೇ ತೋಳಿಗೆ ಚಲನೆ ಕೊಡುತ್ತದೆ. ಕಾರನ್ನು ಜಾಕಿನ ಮೇಲೆ ಎತ್ತಿ, ತೋಳುಗಳು ಜೋತುಬಿದ್ದಿರುವಾಗಲೇ ನಟ್ಟು ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಕಿರುಗುಟ್ಟುತ್ತದೆ, ಬೇಗ ಹರಿಯುತ್ತದೆ. ನಟ್ಟುಗಳನ್ನು ಸಡಿಲಿಸಿ, ನಾಲ್ಕೂ ಚಕ್ರಗಳ ಮೇಲೆ ಭಾರ ಬಿಟ್ಟು, ಕಾರನ್ನು ಕೆಲವು ಸಲ ಅದುಮಿ ಬಳಿಕ ಬಿಗಿಸಿರಿ. ರಬ್ಬರಿಗೆ ಎಂಜಿನ್ ಆಯಿಲ್ ಮಾತ್ರ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸೆಂಟರ್ ಬೋಲ್ಟ್ ಸರಿಯಾಗಿದೆ, ಎಡಬದಿಯ ಯು-ಬೋಲ್ಟ್ ಸಡಿಲವಾಗಿತ್ತು. ಬಿಗಿಸಿದೊಡನೆ ‘ಟಕ್’ ನಿಂತಿತು. ಮುಂದಿನ ನಟ್ಟುಗಳನ್ನು ನಾಳೆ ಬೆಳಿಗ್ಗೆ ಸಡಿಲಿಸುತ್ತೇನೆ.