120 ಲೀಟರಿನಿಂದ 800 ಲೀಟರಿನ ರೀಫ್ (ಹವಳದ) ಟ್ಯಾಂಕಿಗೆ: ಮೊದಲು ಯಾವುದನ್ನು ನಿರ್ಧರಿಸಬೇಕು?

ನೀಲತೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ನಡೆಸುತ್ತಿದ್ದೇನೆ. ಅದರಲ್ಲಿ ಒಂದು ಜೋಡಿ ಕ್ಲೌನ್‌ಫಿಶ್, ಮೃದು ಹವಳಗಳು ಮತ್ತು ಯೂಫಿಲಿಯಾ ಎಂಬ ಹವಳದ ಎರಡು ಗೊಂಚಲುಗಳು ಆರೋಗ್ಯವಾಗಿವೆ. ಈಗ 180 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಎತ್ತರದ ಟ್ಯಾಂಕನ್ನು ಮಾಡಿಸಬೇಕೆಂದಿದ್ದೇನೆ. ಎತ್ತರ ಹೆಚ್ಚಿದ್ದರೆ ನೋಟಕ್ಕೆ ಚೆನ್ನಾಗಿರುತ್ತದೆ ಎಂಬುದು ನನ್ನ ಎಣಿಕೆ. ಟ್ಯಾಂಕ್ ಮೊದಲ ಮಹಡಿಯಲ್ಲಿ ಬರುತ್ತದೆ. ಕೆಳಗೆ ಸಂಪ್ (ಟ್ಯಾಂಕಿನ ನೀರು ಇಳಿದು ಬಂದು ಪಂಪಿನ ಮೂಲಕ ಮತ್ತೆ ಮೇಲೇರುವ ಎರಡನೆಯ ತೊಟ್ಟಿ) ಇಡಲೇಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ನಾನು ಇದುವರೆಗೆ ಸಂಪ್ ಬಳಸಿದವನಲ್ಲ. ಕರೆಂಟ್ ಹೋದಾಗ ಮೇಲಿನ ನೀರೆಲ್ಲ ಕೆಳಗಿಳಿದು ನೆಲಕ್ಕೆ ಹರಿಯುವುದೇನೋ ಎಂಬ ಭಯವಿದೆ.

ನೆಲದ ಭಾರ, ಸಂಪಿನ ಅಳತೆ, ಹಳೆಯ ಟ್ಯಾಂಕಿನ ಕಲ್ಲು ಮತ್ತು ಮರಳನ್ನು ಹೊಸದಕ್ಕೆ ಸಾಗಿಸುವ ಬಗೆ, ಇವುಗಳ ಬಗ್ಗೆ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ. ಮುಂದೆ ಆಕ್ರೊಪೊರಾದಂಥ ಗಟ್ಟಿ ಹವಳಗಳನ್ನೂ ಒಂದೆರಡು ಟ್ಯಾಂಗ್ ಮೀನುಗಳನ್ನೂ ಇಡುವ ಆಸೆಯಿದೆ.

ಮರಳುದಂಡೆ

ನೀಲತೆರೆಯವರೇ, ಗಾಜು ಕತ್ತರಿಸಲು ಹೇಳುವ ಮೊದಲು ಅಗಲವನ್ನೂ ಎತ್ತರವನ್ನೂ ಅದಲುಬದಲು ಮಾಡಿ ಯೋಚಿಸಿ. 180 ಉದ್ದ, 75 ಅಗಲ, 60 ಎತ್ತರ ಎಂದಿಟ್ಟುಕೊಂಡರೂ ಒಟ್ಟು ಗಾತ್ರ ಅದೇ 810 ಲೀಟರ್. ಆದರೆ ಉಳಿದದ್ದೆಲ್ಲ ನಿಮ್ಮ ಅನುಕೂಲಕ್ಕೆ ತಿರುಗುತ್ತದೆ. ಗಾಜು ಎಷ್ಟು ದಪ್ಪವಿರಬೇಕೆಂಬುದು ಮುಖ್ಯವಾಗಿ ನೀರಿನ ಎತ್ತರವನ್ನು ಅವಲಂಬಿಸಿದೆ, ಆದ್ದರಿಂದ ಎತ್ತರ ಇಳಿದರೆ ಕೀಲುಗಳ ಮೇಲಿನ ಒತ್ತಡವೂ ಇಳಿಯುತ್ತದೆ. ಗಾಳಿಗೆ ತೆರೆದುಕೊಳ್ಳುವ ನೀರಿನ ಮೇಲ್ಮೈ ಹೆಚ್ಚುವುದರಿಂದ ಆಮ್ಲಜನಕ ಚೆನ್ನಾಗಿ ಬೆರೆಯುತ್ತದೆ, ತಳದ ಹವಳಗಳಿಗೂ ಬೆಳಕು ಸುಲಭವಾಗಿ ತಲುಪುತ್ತದೆ, ಕಲ್ಲುಗಳನ್ನು ಹಿಂಬದಿಯ ಗಾಜಿಗೆ ಆನಿಸದೆ ನಡುವೆ ದಿಬ್ಬಗಳಂತೆ ಜೋಡಿಸಲು ಜಾಗ ಸಿಗುತ್ತದೆ. 75 ಸೆಂಟಿಮೀಟರ್ ಆಳದ ಟ್ಯಾಂಕಿನಲ್ಲಿ ತಳಕ್ಕೆ ಬಿದ್ದ ಹವಳದ ತುಂಡೊಂದನ್ನು ಎತ್ತಬೇಕಾದರೆ ಏಣಿಯ ಮೇಲೆ ನಿಂತು, ಭುಜದವರೆಗೆ ಕೈಯನ್ನು ನೀರಿನಲ್ಲಿಳಿಸಿ, ಕೆನ್ನೆಯನ್ನು ನೀರಿಗೆ ತಾಗಿಸಿಕೊಂಡು ತಡಕಾಡಬೇಕಾಗುತ್ತದೆ. ಇದು ವಾರವಾರವೂ ಬರುವ ಕೆಲಸ ಎಂಬುದನ್ನು ನೆನಪಿಡಿ.

ಇನ್ನು ಭಾರದ ಮಾತು. ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕಿಲೋ ತೂಗುತ್ತದೆ. ಟ್ಯಾಂಕಿನೊಳಗಿನ ನೀರು, 15 ಮಿಲಿಮೀಟರ್ ದಪ್ಪದ ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ತುಂಬಿದ ಸಂಪ್ ಎಲ್ಲವನ್ನೂ ಕೂಡಿದರೆ ಮೊತ್ತ 1,200 ಕಿಲೋ ಹತ್ತಿರ ಬರುತ್ತದೆ. 1.35 ಚದರ ಮೀಟರ್ ತಳದ ಮೇಲೆ ಹಂಚಿದರೆ ಚದರ ಮೀಟರಿಗೆ 900 ಕಿಲೋ ಆಸುಪಾಸು. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಅದು ಇಡೀ ಕೋಣೆಗೆ ಹಿಡಿದ ಲೆಕ್ಕವಾದ್ದರಿಂದ ನೆಲ ಕುಸಿಯುತ್ತದೆ ಎಂದು ಇದರರ್ಥವಲ್ಲ, ಆದರೆ ಮೊದಲ ಮಹಡಿಯಲ್ಲಿ ಊಹೆಯ ಮೇಲೆ ನಡೆಯುವಂತಿಲ್ಲ. ಕಟ್ಟಡದ ನಕ್ಷೆ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕೇಳಿ. ಭಾರ ಹೊರುವ ಗೋಡೆಯ ಪಕ್ಕ ಅಥವಾ ತೊಲೆಯ ನೇರಕ್ಕೆ ಇಡಲು ಅವರು ಹೇಳುವ ಸಂಭವವೇ ಹೆಚ್ಚು. ಗೋಡೆಗೆ ಪೂರ್ತಿ ಅಂಟಿಸಬೇಡಿ. ಪೈಪುಗಳಿಗಾಗಿಯೂ ಮುಂದೆ ರಿಪೇರಿಗಾಗಿಯೂ ಒಂದು ಗೇಣಾದರೂ ಸಂದು ಬೇಕು.

ಉಪ್ಪುಗಾಳಿ

ಮೇಲಿನ ಅಳತೆಯನ್ನೇ ಇಟ್ಟುಕೊಂಡು ಸಂಪಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಭಯಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ.

ನೀರು ಸಂಪಿಗೆ ಹೊರಬೀಳುವ ಓವರ್‌ಫ್ಲೋ ಬಾಯಿಯ ಮಟ್ಟದವರೆಗಿನ ನೀರು ಮಾತ್ರ ತಾನಾಗಿ ಕೆಳಗಿಳಿಯುತ್ತದೆ, ಅದಕ್ಕಿಂತ ಕೆಳಗಿನದು ಟ್ಯಾಂಕಿನಲ್ಲೇ ನಿಲ್ಲುತ್ತದೆ. ಆದರೆ ಸಂಪಿನಿಂದ ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ ಮುಳುಗಿರುವುದರಿಂದ, ಪಂಪ್ ನಿಂತೊಡನೆ ಅದೇ ಪೈಪು ಸೈಫನ್ ಆಗಿ ನೀರನ್ನು ಹಿಮ್ಮುಖವಾಗಿ ಎಳೆಯತೊಡಗುತ್ತದೆ. 1.35 ಚದರ ಮೀಟರ್ ಮೇಲ್ಮೈಯಲ್ಲಿ ಮಟ್ಟ 2 ಸೆಂಟಿಮೀಟರ್ ಇಳಿದರೆ 27 ಲೀಟರ್, 5 ಸೆಂಟಿಮೀಟರ್ ಇಳಿದರೆ 67 ಲೀಟರಿಗೂ ಹೆಚ್ಚು ನೀರು ಸಂಪಿಗೆ ಬರುತ್ತದೆ. ಆದ್ದರಿಂದ ರಿಟರ್ನ್ ಪೈಪಿನ ಬಾಯಿಯನ್ನು ಮೇಲ್ಮೈಗೆ ಆದಷ್ಟು ಸಮೀಪದಲ್ಲಿಡಿ. ಪೈಪುಗಳಲ್ಲಿ ನಿಂತ ನೀರನ್ನೂ ಸೇರಿಸಿ ಲೆಕ್ಕ ಹಾಕಿ, ಸಂಪಿನಲ್ಲಿ ಸದಾ ಅಷ್ಟು ಜಾಗ ಖಾಲಿಯಿರುವಂತೆ ಚಾಲನೆಯ ಮಟ್ಟವನ್ನು ಗೊತ್ತುಮಾಡಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಅದರ ನಾಲಿಗೆಯ ಕೆಳಗೆ ಒಂದು ಮರಳಿನ ಕಣವೋ ಸಣ್ಣ ಬಸವನಹುಳುವೋ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಬೇಕಾದರೆ ಹಾಕಿಕೊಳ್ಳಿ, ಆದರೆ ಸಂಪಿನ ಅಳತೆಯನ್ನು ಅದು ಇಲ್ಲವೆಂದೇ ಲೆಕ್ಕ ಹಿಡಿದು ನಿಗದಿಪಡಿಸಿ. ಹೊಸ ಟ್ಯಾಂಕಿಗೆ ಉಪ್ಪು ಹಾಕುವ ಮೊದಲೇ ಸಾದಾ ನೀರು ತುಂಬಿಸಿ ಪಂಪಿನ ಸ್ವಿಚ್ಚನ್ನು ಹಲವು ಬಾರಿ ಆರಿಸಿ, ಸಂಪಿನಲ್ಲಿ ನೀರು ಏರಿ ನಿಂತ ಮಟ್ಟಕ್ಕೆ ಒಂದು ಗೆರೆ ಎಳೆದಿಡಿ.

ಕೆಳಗಿಳಿಯುವ ಪೈಪು ಒಂದೇ ಇರಬಾರದು. ಪೂರ್ಣ ಸೈಫನ್‌ನಲ್ಲಿ (ಗಾಳಿಯಿಲ್ಲದೆ ನೀರೇ ತುಂಬಿ) ನಡೆಯುವ ಒಂದು ಪೈಪು, ಅಲ್ಪ ನೀರು ಹರಿಯುವ ಇನ್ನೊಂದು, ತುರ್ತಿಗೆಂದು ಒಣಗಿಯೇ ಇರುವ ಮೂರನೆಯದು ಇರುವ ಬೀನ್‌ಅನಿಮಲ್ ವ್ಯವಸ್ಥೆ ನನಗೆ ಅತ್ಯಂತ ನೆಮ್ಮದಿಯದು. ಸೈಫನ್ ಪೈಪಿಗೆ ಬಾಲ್ ವಾಲ್ವಿನ ಬದಲು ಗೇಟ್ ವಾಲ್ವ್ ಹಾಕಿದರೆ ಹರಿವನ್ನು ಕೂದಲೆಳೆಯಷ್ಟು ನಾಜೂಕಾಗಿ ಹೊಂದಿಸಬಹುದು, ಗಳಗಳ ಸದ್ದೂ ಇರುವುದಿಲ್ಲ.

ದಿನಕ್ಕೆ ಸುಮಾರು ಶೇಕಡಾ 1ರಷ್ಟು, ಅಂದರೆ 8 ಲೀಟರಿನಷ್ಟು ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಸಿಹಿನೀರನ್ನಷ್ಟೇ ತುಂಬಬೇಕು. ಇದಕ್ಕೆ ಮಟ್ಟ ಇಳಿದಾಗ ತಾನಾಗಿ ನೀರು ತುಂಬುವ ಆಟೋ ಟಾಪ್‌ಆಫ್ ಅಗತ್ಯ, ಆದರೆ ಅದರ ನೀರಿನ ಡಬ್ಬ 40 ಲೀಟರ್ ಮೀರದಿರಲಿ. ಸೆನ್ಸರ್ ಕೆಟ್ಟು ಡಬ್ಬವೆಲ್ಲ ಒಮ್ಮೆಗೇ ಖಾಲಿಯಾದರೂ 800 ಲೀಟರಿನಲ್ಲಿ ಉಪ್ಪಿನಂಶ ಸಾವಿರಕ್ಕೆ 35ರಿಂದ 33ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ, ಪ್ರಾಣಿಗಳು ಬದುಕಿಕೊಳ್ಳುತ್ತವೆ. ಆ 40 ಲೀಟರಿಗೂ ಸಂಪಿನಲ್ಲಿ ಜಾಗವಿರಲಿ.

ಕರೆಂಟ್ ಹೋದಾಗ ಮೊದಲು ಕೊರತೆಯಾಗುವುದು ಆಮ್ಲಜನಕ. ಬೆಳಕಿಲ್ಲದೆ ಹವಳಗಳು ಒಂದೆರಡು ದಿನ ತಡೆದುಕೊಳ್ಳುತ್ತವೆ, ಕದಲದ ನೀರಿನಲ್ಲಿ ಮೀನುಗಳು ಅಷ್ಟು ಹೊತ್ತು ತಡೆಯುವುದಿಲ್ಲ. ಬ್ಯಾಟರಿಯಿಂದ ನಡೆಯುವ ಡಿಸಿ ವೇವ್‌ಮೇಕರ್ (ನೀರನ್ನು ಕದಲಿಸುವ ಪಂಪು) ಒಂದನ್ನು ಮೇಲ್ಮೈಯತ್ತ ತಿರುಗಿಸಿಟ್ಟರೆ ಸಾಕು. ಹೀಟರ್ ಒಂದೇ ದೊಡ್ಡದು ಬೇಡ, 300 ವ್ಯಾಟಿನ ಎರಡನ್ನು ಪ್ರತ್ಯೇಕ ಕಂಟ್ರೋಲರ್ ಮೂಲಕ ನಡೆಸಿ. ಒಂದು ಆರದೆ ಉಳಿದರೂ ಇಡೀ ಟ್ಯಾಂಕನ್ನು ಬೇಯಿಸುವ ಶಕ್ತಿ ಅದಕ್ಕಿರುವುದಿಲ್ಲ. ವೈರಿನಗುಂಟ ಹರಿದ ನೀರು ಪ್ಲಗ್ಗಿಗೆ ಸೇರದಂತೆ ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವಂತಿರಲಿ, ಸೋರಿಕೆ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಕಡ್ಡಾಯವಾಗಿರಲಿ.

ನೀಲತೆರೆ

ಇಬ್ಬರಿಗೂ ಧನ್ಯವಾದಗಳು. ಅಗಲ ಮತ್ತು ಎತ್ತರದ ಅದಲುಬದಲು ನನಗೆ ಹೊಳೆದೇ ಇರಲಿಲ್ಲ. 60 ಎತ್ತರಕ್ಕೇ ಇಳಿಯುತ್ತೇನೆ. ಕಲ್ಲು ಮತ್ತು ಮರಳಿನ ವಿಷಯ ಉಳಿದಿದೆ. ಹಳೆಯ ಟ್ಯಾಂಕಿನ ನೀರು, ಮರಳು, ಕಲ್ಲು ಮೂರನ್ನೂ ಹಾಗೆಯೇ ಸುರಿದರೆ ಹೊಸ ಟ್ಯಾಂಕ್ ಮೊದಲ ದಿನದಿಂದಲೇ ಪಕ್ವವಾಗಿರುತ್ತದೆ ಎಂದು ಒಬ್ಬರು ಹೇಳಿದರು. ಇದು ಸರಿಯೇ? ಹಳೆಯ ಟ್ಯಾಂಕಿನಲ್ಲಿ ಅಲ್ಲಲ್ಲಿ ಐಪ್ಟೇಸಿಯಾ ಎಂಬ ಪೀಡೆಯ ಸಮುದ್ರ ಅನಿಮೋನ್ ಕಾಣಿಸುತ್ತಿದೆ ಎಂಬುದನ್ನೂ ತಿಳಿಸಬೇಕು.

ಹವಳಪ್ರಿಯ

ಮೂರರಲ್ಲಿ ಕಲ್ಲು ಮಾತ್ರ ಕೆಲಸಕ್ಕೆ ಬರುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಮೇಲ್ಮೈಗಳಿಗೆ ಅಂಟಿಕೊಂಡು ಬದುಕುತ್ತವೆ, ತೇಲುವ ನೀರಿನಲ್ಲಿ ಅವುಗಳ ಪಾಲು ಅತ್ಯಲ್ಪ. ಹಳೆಯ ಮರಳನ್ನು ಕದಡಿದರೆ ವರ್ಷಗಳ ಕೊಳೆಯೂ, ಆಮ್ಲಜನಕವಿಲ್ಲದ ಕೆಳಪದರದ ಹೈಡ್ರೋಜನ್ ಸಲ್ಫೈಡೂ ಹೊರಬರುತ್ತವೆ. ಅದನ್ನು ಅಲ್ಲಿಯೇ ಬಿಟ್ಟು ಹೊಸ ಮರಳು ಹಾಕಿ. ಕಲ್ಲಿಗೂ ಈಗಲೇ ಆತುರಪಡಬೇಡಿ. ಐಪ್ಟೇಸಿಯಾವನ್ನು ಕಿತ್ತು ತೆಗೆಯಲು ಹೋದರೆ ಉಳಿದ ತುಣುಕಿನಿಂದಲೇ ಅದು ಮತ್ತೆ ಚಿಗುರುತ್ತದೆ, ಹೊಸ ಟ್ಯಾಂಕಿಗೆ ಹೋದರೆ ಅಲ್ಲಿಯೂ ಹರಡುತ್ತದೆ. ಬರ್ಗಿಯಾ ಎಂಬ ಪುಟ್ಟ ಸಮುದ್ರಗೊಂಡೆಹುಳುಗಳು ಅದನ್ನೇ ತಿಂದು ಬದುಕುತ್ತವೆ. ಅವುಗಳಿಗೆ ಕೆಲವು ತಿಂಗಳ ಕಾಲಾವಕಾಶ ಕೊಟ್ಟು, ಕಲ್ಲು ಸ್ವಚ್ಛವಾದ ಮೇಲೆ ಸಾಗಿಸಿ. ಕಲ್ಲನ್ನು ಕುದಿಸಿ ಶುಚಿ ಮಾಡಲು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಕಲ್ಲಿಗೆ ಅಂಟಿ ಬೆಳೆಯುವ ಕೆಲವು ಝೋಆಂಥಿಡ್ ಮತ್ತು ಪಾಲಿಥೋವಾ ಜಾತಿಗಳಲ್ಲಿರುವ ಪಾಲಿಟಾಕ್ಸಿನ್ ಎಂಬ ವಿಷ ಕುದಿತಕ್ಕೆ ನಾಶವಾಗುವುದಿಲ್ಲ, ಹಬೆಯೊಡನೆ ಉಸಿರಿಗೆ ಸೇರಿದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಅಲ್ಲಿಯವರೆಗೆ ಹೊಸ ಟ್ಯಾಂಕನ್ನು ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಇಟ್ಟು ಸೈಕಲ್ ಮಾಡಿ, ಅಂದರೆ ಆ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಬಿಡಿ. ಆರ್‌ಓ-ಡಿಐ (ಕರಗಿದ ಲವಣಗಳನ್ನು ತೆಗೆದು ಶುದ್ಧಗೊಳಿಸಿದ) ನೀರಿಗೆ ಉಪ್ಪು ಬೆರೆಸಿ (ಇಡೀ ವ್ಯವಸ್ಥೆಗೆ 30 ಕಿಲೋ ಹತ್ತಿರ ಬೇಕಾಗುತ್ತದೆ) ಅಮೋನಿಯಂ ಕ್ಲೋರೈಡಿನಿಂದ ಅಮೋನಿಯಾವನ್ನು 2 ಪಿಪಿಎಂಗೆ (ದಶಲಕ್ಷಕ್ಕೆ 2 ಭಾಗ) ತನ್ನಿ, ಬಾಟಲಿ ಬ್ಯಾಕ್ಟೀರಿಯಾವನ್ನು ಸೇರಿಸಿ. ಹಾಕಿದ ಅಷ್ಟು ಅಮೋನಿಯಾ 24 ಗಂಟೆಗಳೊಳಗೆ ಸೊನ್ನೆಗಿಳಿಯತೊಡಗಿದರೆ ಮೊದಲ ಮೀನುಗಳನ್ನು ಬಿಡಬಹುದು. ಆ ಬಳಿಕ ಕಂದು ಡಯಾಟಮ್‌ಗಳೂ ಹಸಿರು ಪಾಚಿಯೂ ಸರದಿಯಂತೆ ಬರುತ್ತವೆ. ಅದಕ್ಕೆ ಹೆದರಿ ಪಾಚಿಯ ಆಹಾರವಾದ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದರೆ ಗುಳ್ಳೆ ಹೊತ್ತ ಲೋಳೆಯೆಳೆಗಳಂಥ ಡೈನೋಫ್ಲಾಜೆಲೇಟ್‌ಗಳು ಆ ಖಾಲಿ ಜಾಗವನ್ನು ಹಿಡಿಯುತ್ತವೆ, ಅವನ್ನು ಬಿಡಿಸುವುದು ಪಾಚಿಗಿಂತ ಬಹಳ ಕಷ್ಟ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಸುಮ್ಮನಿರಿ.

ಆಕ್ರೊಪೊರಾ ಬಯಸುವುದು ಸ್ಥಿರತೆಯನ್ನು. ಉಪ್ಪಿನಂಶ ಸಾವಿರಕ್ಕೆ 35, ಉಷ್ಣತೆ 25ರಿಂದ 26 ಡಿಗ್ರಿ, ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ), ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1,300 ಪಿಪಿಎಂ ಆಸುಪಾಸು. 800 ಲೀಟರಿನಲ್ಲಿ ಕ್ಷಾರೀಯತೆಯನ್ನು 1 ಡಿಕೆಎಚ್ ಏರಿಸಲು ಸುಮಾರು 24 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಬೇಕು. ಗಟ್ಟಿ ಹವಳಗಳು ತುಂಬಿಕೊಂಡ ಟ್ಯಾಂಕು ದಿನವೂ ಅಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಬಳಸಿಬಿಡುತ್ತದೆ. ಆಗ ಕೈಯಿಂದ ಹಾಕುತ್ತ ಕೂರಲಾಗುವುದಿಲ್ಲ, ಡೋಸಿಂಗ್ ಪಂಪಿಗೆ ಸಂಪಿನ ಬಳಿ ಈಗಲೇ ಒಂದು ಜಾಗ ಕಾಯ್ದಿರಿಸಿ.

ಮರಳುದಂಡೆ

ಹವಳಪ್ರಿಯ ಅವರ ಮಾತಿಗೆ ಒಂದು ಭಿನ್ನಾಭಿಪ್ರಾಯ. ಪೂರ್ತಿ ಡ್ರೈ ರಾಕ್‌ನಿಂದ ಆರಂಭಿಸಿದ ದೊಡ್ಡ ಟ್ಯಾಂಕುಗಳು ಮೊದಲ ವರ್ಷವೆಲ್ಲ ಬರಡಾಗಿಯೇ ಕಾಣುತ್ತವೆ, ಡೈನೋಫ್ಲಾಜೆಲೇಟ್ ಕಾಟವೂ ಅಂಥವುಗಳಲ್ಲೇ ಹೆಚ್ಚು ಎಂಬುದು ನಾನು ಕಂಡದ್ದು. ಹಳೆಯ ಕಲ್ಲುಗಳಲ್ಲಿ ಐಪ್ಟೇಸಿಯಾ ಇಲ್ಲದ ಒಂದೆರಡನ್ನು ಆರಿಸಿ, ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿ, ಸಂಪಿನೊಳಗೆ ಇರಿಸಿದರೆ ಬ್ಯಾಕ್ಟೀರಿಯಾಗಳ ಜೊತೆಗೆ ಸೂಕ್ಷ್ಮ ಕಠಿಣಚರ್ಮಿಗಳೂ ಗುಲಾಬಿ ಬಣ್ಣದ ಕೋರಲೈನ್ ಪಾಚಿಯೂ ಹೊಸ ವ್ಯವಸ್ಥೆಗೆ ಹರಡುತ್ತವೆ.

ಹವಳಪ್ರಿಯ

ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದಾದರೆ ನನ್ನ ಆಕ್ಷೇಪವಿಲ್ಲ. ಆ ತೊಟ್ಟಿಯನ್ನು ಕಲ್ಲು ತೆಗೆದ ಮೇಲೆ ತೊಳೆದು ಒಣಗಿಸಿ ಮೀನುಗಳ ಕ್ವಾರಂಟೈನಿಗೂ ಬಳಸಿಕೊಳ್ಳಬಹುದು. ಟ್ಯಾಂಗ್‌ಗಳು ಉಪ್ಪುನೀರಿನ ಬಿಳಿಚುಕ್ಕೆ ರೋಗಕ್ಕೆ, ಅಂದರೆ ಕ್ರಿಪ್ಟೊಕೇರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿಗೆ, ಬಹಳ ಬೇಗ ತುತ್ತಾಗುತ್ತವೆ. ಅದಕ್ಕೆ ಕೊಡುವ ತಾಮ್ರದ ಔಷಧಿ ಹವಳಗಳನ್ನೂ ಸೀಗಡಿಗಳನ್ನೂ ಕೊಲ್ಲುವುದರಿಂದ ಮುಖ್ಯ ಟ್ಯಾಂಕಿನಲ್ಲಿ ಚಿಕಿತ್ಸೆ ಸಾಧ್ಯವೇ ಇಲ್ಲ. ಒಮ್ಮೆ ಒಳಹೊಕ್ಕರೆ ಎಲ್ಲ ಮೀನುಗಳನ್ನು ಹೊರತೆಗೆದು, ಹತ್ತಿರ ಹತ್ತಿರ 76 ದಿನ ಟ್ಯಾಂಕನ್ನು ಮೀನಿಲ್ಲದೆ ನಡೆಸಬೇಕೆಂಬುದು ರೂಢಿಯ ಸಲಹೆ. ಕಲ್ಲಿನ ಸಂದುಗಳಿಂದ ಮೀನು ಹಿಡಿಯಲು ಕಟ್ಟಿದ ದಿಬ್ಬಗಳನ್ನೆಲ್ಲ ಬಿಚ್ಚಬೇಕಾಗುತ್ತದೆ.

ಜಾತಿಯ ಆಯ್ಕೆಯಲ್ಲಿ 180 ಸೆಂಟಿಮೀಟರ್ ಉದ್ದಕ್ಕೆ ಹಳದಿ ಟ್ಯಾಂಗ್ ಹೊಂದುತ್ತದೆ, ಅದು 20 ಸೆಂಟಿಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಅದನ್ನು ತೊಟ್ಟಿಯಲ್ಲಿ ಮರಿಮಾಡಿ ಬೆಳೆಸುವುದರಲ್ಲಿ ಯಶಸ್ವಿಯಾದ ಮೇಲೆ ಸಾಕಿ ಬೆಳೆಸಿದ ಮೀನುಗಳೂ ದೊರೆಯುತ್ತಿವೆ; ಸಾಧ್ಯವಾದರೆ ಅವನ್ನೇ ಆರಿಸಿ. ನೀಲಿ ಹಿಪ್ಪೊ ಟ್ಯಾಂಗ್ ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುತ್ತದೆ, ಆದರೆ 30 ಸೆಂಟಿಮೀಟರ್ ವರೆಗೆ ಬೆಳೆಯುತ್ತದೆ. ನೀಳ ದೇಹದ ನೇಸೊ ಜಾತಿಗಳು ಈ ಟ್ಯಾಂಕಿಗೆ ಬೇಡವೇ ಬೇಡ. ಯಾವುದೇ ಟ್ಯಾಂಗನ್ನು ಕ್ಲೌನ್‌ಫಿಶ್‌ಗಳೂ ಉಳಿದ ಸಣ್ಣ ಮೀನುಗಳೂ ನೆಲೆಗೊಂಡ ಬಳಿಕ, ಕೊನೆಯಲ್ಲಿ ಬಿಡಿ. ಎರಡು ಟ್ಯಾಂಗ್ ಬೇಕೆಂದಿದ್ದರೆ ಎರಡನ್ನೂ ಒಂದೇ ದಿನ ಬಿಡಿ. ಮೊದಲು ಬಂದದ್ದು ಇಡೀ ಟ್ಯಾಂಕನ್ನು ತನ್ನದೆಂದು ಗುರುತಿಸಿಕೊಂಡರೆ ಎರಡನೆಯದಕ್ಕೆ ಮೇಯಲು ಕಲ್ಲಿನ ಒಂದು ಮೂಲೆಯನ್ನೂ ಬಿಟ್ಟುಕೊಡುವುದಿಲ್ಲ.