ಎಕ್ಸ್‌ಪ್ಲಾಯ್ಟ್ = ಶೋಷಣೆ?? ಬೇರೆ ಪದ ಇದ್ರೆ ಹೇಳಿ (ನಾಳೆ ಕೊಡ್ಬೇಕು)

ಎಲ್ರಿಗೂ ನಮಸ್ಕಾರ. ಒಂದು ಲೇಖನ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಬೆಳಗ್ಗೆ ಕೊಡ್ಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಯೂನಿವರ್ಸಿಟಿಯವರು ಒಂದು ಕಂಪ್ಯೂಟರ್ ಟೂರ್ನಮೆಂಟ್ ನಡೆಸಿದ್ರು, ಫಲಿತಾಂಶ 2010ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು, 104 ತಂತ್ರಗಳ (ಹೇಗೆ ಆಡ್ಬೇಕು ಅನ್ನೋ ನಿಯಮಗಳ) ಪೈಪೋಟಿ, ಬಹುಮಾನ 10,000 ಯೂರೋ. ಪ್ರತಿ ಸುತ್ತಲ್ಲೂ ಪ್ರತಿ ಆಟಗಾರ ಮೂರರಲ್ಲಿ ಒಂದು ಮಾಡ್ಬೇಕು: ಇನ್ನೊವೇಟ್, ಅಂದ್ರೆ ತಾನೇ ಹೊಸ ವರ್ತನೆ ಹುಡುಕೋದು, ಅಬ್ಸರ್ವ್, ಬೇರೆಯವರನ್ನ ನೋಡಿ ಕಲಿಯೋದು, ಎಕ್ಸ್‌ಪ್ಲಾಯ್ಟ್, ಗೊತ್ತಿರೋದನ್ನೇ ಮಾಡಿ ಫಲ ಪಡೆಯೋದು. ಪಾಯಿಂಟ್ ಸಿಗೋದು ಮೂರನೇದಕ್ಕೆ ಮಾತ್ರ. ಆಮೇಲೆ ಇಂಥ ಆಟಕ್ಕೆ ತಂತ್ರಗಳನ್ನ ನಾವು ಬರೆಯೋ ಬದಲು ಜೆನೆಟಿಕ್ ಅಲ್ಗಾರಿದಮ್‌ನಿಂದ ತಳಿ ಎಬ್ಬಿಸೋ ವಿಷಯ ಬರುತ್ತೆ, ಚೆನ್ನಾಗಿ ಆಡಿದ ಎರಡನ್ನ ಕತ್ತರಿಸಿ ಸೇರಿಸೋದು, ಅಲ್ಲಲ್ಲಿ ಚೂರು ಬದಲಾಯಿಸೋದು, ಮತ್ತೆ ಆಡ್ಸೋದು. ಎಲ್ಲ ಸರಿ, ಡಿಕ್ಷನರೀಲಿ ಎಕ್ಸ್‌ಪ್ಲಾಯ್ಟ್‌ಗೆ ಶೋಷಿಸು ಅಂತಿದೆ. "ಗೆದ್ದ ತಂತ್ರ ನೋಡಿ ಕಲೀತಿತ್ತು, ಉಳಿದ ಹೊತ್ತು ಶೋಷಿಸ್ತಿತ್ತು" ಅಂತ ಬರೆದ್ರೆ ಜಮೀನ್ದಾರನ ಕಥೆ ಆಗುತ್ತೆ.

ಉತ್ತರ:
ಇನ್ನೊವೇಶನ್‌ಗೆ ದಯವಿಟ್ಟು ನಾವೀನ್ಯತೆ ಹಾಕ್ಬೇಡಿ. ನವೀನದ ಭಾವನಾಮ ನಾವೀನ್ಯ, ಅದಕ್ಕೆ ಮತ್ತೆ "ತೆ" ಅಂಟಿಸೋದು ಟೋಪಿ ಮೇಲೆ ಪೇಟ. ಪ್ರಾಮುಖ್ಯತೆ, ಸೌಜನ್ಯತೆ, ಎಲ್ಲ ಇದೇ ಕಾಯಿಲೆ.

ಉತ್ತರ:
ಸರ್, ಅವರು ಅದನ್ನ ಕೇಳೇ ಇಲ್ಲ. ಶೋಷಣೆಯ ಧಾತು ಶುಷ್, ಒಣಗೋದು. ಶುಷ್ಕ ಅದರ ನೆಂಟ. ಇಂಗ್ಲಿಷ್ ಪದಕ್ಕೆ ಮೂಲ ಲ್ಯಾಟಿನ್ನಿನ ಮಡಿಕೆ ಬಿಚ್ಚೋ ಕ್ರಿಯಾಪದ, ಕೆಟ್ಟ ಅರ್ಥ ಅಂಟಿಕೊಂಡಿದ್ದು ಆಮೇಲೆ. "ಉಪಯೋಗಿಸು" ಸಾಕು.

ಉತ್ತರ:
ಉಪಯೋಗಿಸು ಯಾಕೆ, ಬಳಸು ಸತ್ತೋಯ್ತಾ? ಇಲ್ಲಿಗೆ ಬಳಸೂ ಬೇಡ, "ಉಣ್ಣು" ಇದೆ. ಮಾಡಿದ್ದುಣ್ಣೋ ಮಹರಾಯ ಅಂತೀವಲ್ಲ. ಹುಡುಕು, ನೋಡು, ಉಣ್ಣು. ಮೂರೂ ಅಚ್ಚಗನ್ನಡ. ಆ ಅಲ್ಗಾರಿದಮ್ಮನ್ನೂ ತೆಗೀರಿ.

ಉತ್ತರ:
ಉಂಡ್ರೆ ಖಾಲಿ ಆಗುತ್ತೆ, ಕಲಿತ ಕೆಲಸ ಎಷ್ಟು ಸಲ ಬೇಕಾದ್ರೂ ಮಾಡ್ಬಹುದು. ಉಣ್ಣು ಬೇಡ. ಇನ್ನು ಅಲ್ಗಾರಿದಮ್, ಅದು 9ನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿ ಹೆಸರಿಂದ ಬಂದಿದ್ದು, ಇಂಗ್ಲಿಷ್‌ಗೇ ಅದು ಕಡ, ಅವರಿಗಿಲ್ಲದ ಹೊಟ್ಟೆನೋವು ನಮಗ್ಯಾಕೆ. ಅಂದಹಾಗೆ ಆ ಟೂರ್ನಮೆಂಟಲ್ಲಿ ಗೆದ್ದಿದ್ದೂ ಹೆಚ್ಚುಕಮ್ಮಿ ಬರೀ ನೋಡಿ ಕಲಿತ ತಂತ್ರ, ಹೊಸದು ಹುಡುಕ್ತಾ ಕೂತವು ಹಿಂದೆ ಬಿದ್ವು. ಪದ ಟಂಕಿಸೋರು ಓದ್ಕೊಳ್ಳಿ.

ಉತ್ತರ:
ಎಲ್ರೂ ನಕಲೇ ಮಾಡಿದ್ರೆ ನೋಡಿ ಕಲಿಯೋಕೆ ಏನಿರುತ್ತೆ ಸ್ವಾಮಿ? ಯಾರೋ ಒಬ್ರು ಹುಡುಕಿರ್ಬೇಕಲ್ಲ. ಕನ್ನಡಕ್ಕೆ ಆ ಒಬ್ರು ಯಾರು?

ಉತ್ತರ:
"ದುಡಿಸಿಕೊಳ್ಳು." ಕವಿ ಈ ಪ್ರತಿಮೇನ ಚೆನ್ನಾಗಿ ದುಡಿಸಿಕೊಂಡಿದ್ದಾರೆ ಅಂತ ವಿಮರ್ಶಕರು ಬರೀತಾರಲ್ಲ, ಅದೇ. ಇರೋದ್ರಿಂದ ಪೂರ್ತಿ ಕೆಲಸ ತೆಗೆಯೋದು, ಬೈಗುಳದ ವಾಸನೆ ಇಲ್ಲ.

ಉತ್ತರ:
ಮೇಡಂ, ಥ್ಯಾಂಕ್ಸ್, ಇದೇ ಹಾಕ್ದೆ. ಹೊಸದು ಹುಡುಕು, ನೋಡಿ ಕಲಿ, ದುಡಿಸಿಕೋ. ಮ್ಯುಟೇಶನ್‌ಗೆ, ಅದೇ ಅಲ್ಲಲ್ಲಿ ಚೂರು ಬದಲಾಯಿಸೋದಕ್ಕೆ, ಸ್ಕೂಲ್ ಪುಸ್ತಕದ ಉತ್ಪರಿವರ್ತನೇನೇ ಇಟ್ಟಿದೀನಿ, ಕೇಳೋಕೆ ಧೈರ್ಯ ಇಲ್ಲ.

ಉತ್ತರ:
ದುಡಿ ನಮ್ಮದೇ ಪದ, ಒಪ್ಪಿದೆ. ಉತ್ಪರಿವರ್ತನೆ ಒಪ್ಪಲ್ಲ. ರಾತ್ರಿ ಊಟ ಮುಗಿಸಿ ಬರೀತೀನಿ.